ಹಲಸು, ಫಣಸ, ಜಾಕ್‌ಫ್ರೂಟ್

ಕಂಪ್ಯೂಟರ್ ಕೆಲಸದಲ್ಲಿ ದಿನವಿಡೀ ಇಂಗ್ಲಿಷ್ ಬಳಸುವ ನಾನು, 'ಜಾಕ್‌ಫ್ರೂಟ್' ಪದದ ಮೂಲ ಹುಡುಕುತ್ತ ನಮ್ಮ ಘಟ್ಟಕ್ಕೇ ಬಂದು ತಲುಪಿದೆ. ಜಾಕ್ ಇಲ್ಲಿ ಮನುಷ್ಯನ ಹೆಸರಲ್ಲ, ಮಲಯಾಳಂನ 'ಚಕ್ಕ'. ಪೋರ್ಚುಗೀಸರು ಅದನ್ನು 'ಜಾಕ' ಎಂದರು. ವೈದ್ಯ ಗಾರ್ಸಿಯಾ ದ ಒರ್ಟಾ 1563ರಲ್ಲಿ ಪಕ್ಕದ ಗೋವೆಯಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಆ ಹೆಸರಿದೆ. ಅವರಿಂದ ಅದು ಇಂಗ್ಲಿಷಿಗೆ ಹೋಯಿತು.

ಕಣಕುಂಬಿಯ ಮರಾಠಿ, ಕೊಂಕಣಿ ಮನೆಗಳಲ್ಲಿ ಇದು 'ಫಣಸ', ಕನ್ನಡದಲ್ಲಿ 'ಹಲಸು'. 'ಪಾಲ್' ಹಾಲಾದಂತೆ ಹಳಗನ್ನಡದ 'ಪಲಸು' ಹಲಸಾಯಿತು. ಫಣಸದ ಮೂಲ ಸಂಸ್ಕೃತದ 'ಪನಸ'. ಪಲಸು, ಪನಸ ಎರಡನ್ನೂ ನಿಘಂಟುಕಾರರು ಜೊತೆಗಿಟ್ಟು ನೋಡುತ್ತಾರೆ.

ಆದ್ದರಿಂದ ನಮ್ಮ ಶಾಲೆಯ ಮಕ್ಕಳು ಇಂಗ್ಲಿಷಿಗೆ ಅಳುಕಬೇಕಿಲ್ಲ. ಅದೂ ನಮ್ಮ ಕಡೆಯಿಂದ ಪದಗಳನ್ನು ಕಡ ಪಡೆದಿದೆ. ಫಣಸ ದೊಡ್ಡದೋ ಹಲಸು ದೊಡ್ಡದೋ ಎಂಬ ಜಗಳವೂ ಗಡಿಯ ಊರಿಗೆ ಬೇಡ.