ಅಜ್ಜನ ಮನೆಯ ಮಾಡು ಮತ್ತು ಜೆಪ್ಪುವಿನ ಹಂಚು

ಕಳೆದ ಬೇಸಿಗೆಯಲ್ಲಿ ಅಜ್ಜನ ಮನೆಯ ಮಾಡಿನ ಹಂಚು ಇಳಿಸಿ ರೀಪು ಬದಲಿಸುವ ಕೆಲಸವಿತ್ತು. ಕೆಳಗೆ ನಿಂತು ಹಂಚು ಹಿಡಿದುಕೊಳ್ಳುವುದು ನನ್ನ ಪಾಲಿಗೆ ಬಂತು. ಪಾಚಿ ಉಜ್ಜಿ ನೋಡಿದರೆ ಇಂಗ್ಲಿಷ್ ಅಕ್ಷರಗಳು: ಬಾಸೆಲ್ ಮಿಶನ್ ಟೈಲ್ ವರ್ಕ್ಸ್, 1865. ಅದು ಆ ಹಂಚಿನ ವಯಸ್ಸಲ್ಲ, ಕಾರ್ಖಾನೆ ಹುಟ್ಟಿದ ವರ್ಷ.

ಆಫೀಸಿನಲ್ಲಿ ದಿನಾ 'ಪ್ರಾಸೆಸ್', 'ಎಫಿಶಿಯೆನ್ಸಿ' ಅಂತ ಕೇಳಿ ಕೇಳಿ ಕಿವಿ ತೂತಾಗಿದೆ. ಈ ಕಾರ್ಖಾನೆಯ ಚರಿತ್ರೆ ಓದುತ್ತಾ ಹೋದಂತೆ, ಅಯ್ಯೋ, ಈ ಪಾಠವೆಲ್ಲ ನಮ್ಮ ಮಂಗಳೂರಲ್ಲಿ ನೂರೈವತ್ತು ವರ್ಷಗಳ ಹಿಂದೆಯೇ ಆಗಿಹೋಗಿದೆಯಲ್ಲ ಅನ್ನಿಸಿತು :-)

ಬಾಸೆಲ್ ಮಿಶನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಮತಾಂತರವಾದವರು ಜಾತಿಯಿಂದ ಹೊರಬಿದ್ದರು. ಅಂಥವರಲ್ಲಿ ಅನೇಕರಿಗೆ ಹಳೆಯ ಕಸುಬೂ ಹೋಯಿತು, ಗೇಣಿಗೆ ಗದ್ದೆಯೂ ಇಲ್ಲ. ಅವರ ಹೊಟ್ಟೆಪಾಡಿಗೆ ಏನಾದರೂ ಮಾಡಲೇಬೇಕಿತ್ತು. ಗಡಿಯಾರದ ಕೆಲಸ ಕಲಿಸಿ ನೋಡಿದರು, ಕೈಗೂಡಲಿಲ್ಲ. ನೇಯ್ಗೆ ಕೈಹಿಡಿಯಿತು. ಆಮೇಲೆ, ಮಿಶನ್ ಪ್ರೆಸ್ಸಿನಲ್ಲಿದ್ದ ಜಾರ್ಜ್ ಪ್ಲೆಬ್‌ಸ್ಟ್ ಎಂಬವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದರು.

ಜಾಗ ಆರಿಸಿದ್ದರಲ್ಲೇ ಅರ್ಧ ಜಾಣತನವಿದೆ. ಪಕ್ಕದಲ್ಲೇ ನೇತ್ರಾವತಿ. ಹೊಳೆಬದಿಯ ಜೇಡಿಮಣ್ಣು ದೋಣಿಯಲ್ಲಿ ಬರುತ್ತದೆ, ಸೌದೆಯೂ ಬರುತ್ತದೆ. ಸಿದ್ಧವಾದ ಹಂಚು ಅದೇ ನೀರಿನ ದಾರಿಯಲ್ಲಿ ಬಂದರಿಗೆ ಹೋಗಿ ಹಡಗು ಹತ್ತುತ್ತದೆ. ಅಷ್ಟು ಭಾರದ ಮಾಲನ್ನು ಗಾಡಿಯಲ್ಲಿ ಸಾಗಿಸಿದ್ದರೆ ಬಾಡಿಗೆಗೇ ಲಾಭ ಕರಗುತ್ತಿತ್ತು.

ಇನ್ನೊಂದು ಜಾಣತನ ಹಂಚಿನ ಆಕಾರದ್ದು. ಒಂದರ ಅಂಚಿಗೆ ಇನ್ನೊಂದು ಸಿಕ್ಕಿಕೊಳ್ಳುವ ಇಂಥ ಹಂಚಿಗೆ ಫ್ರಾನ್ಸಿನ ಗಿಲಾರ್ಡೋನಿ ಸೋದರರು 1841ರಲ್ಲೇ ಪೇಟೆಂಟ್ ಪಡೆದಿದ್ದರು. ಚದರ ಮೀಟರಿಗೆ ಸುಮಾರು 15 ಹಂಚು ಸಾಕು. ಒಂದು ಒಡೆದರೆ ಅದೊಂದನ್ನೇ ಬದಲಿಸಬಹುದು. ಮುಳಿಹುಲ್ಲಿನ ಮಾಡಿನ ಹಾಗೆ ವರ್ಷ ವರ್ಷ ಹೊದೆಸುವ ತಾಪತ್ರಯವಿಲ್ಲ, ಬೆಂಕಿಯ ಭಯವೂ ಇಲ್ಲ.

ಆದರೆ ನಮ್ಮ ಮಳೆ! ಜೂನ್ ಬಂತೆಂದರೆ ಮಣ್ಣಿನ ಹೊಂಡಗಳಲ್ಲೆಲ್ಲ ನೀರು, ಬಿಸಿಲಿನ ಸುಳಿವಿಲ್ಲ. ಹಾಗಾಗಿ ಈ ಉದ್ಯಮದಲ್ಲಿ ಬೇಸಿಗೆಯಲ್ಲೇ ಮಣ್ಣು ರಾಶಿ ಹಾಕಿಕೊಳ್ಳುವುದು ರೂಢಿಯಾಯಿತು. ಹಸಿ ಹಂಚನ್ನು ಮಾಡಿನ ಕೆಳಗೇ ಹಲಗೆಗಳ ಮೇಲೆ ಒಣಗಿಸುತ್ತಿದ್ದರು. ಭಟ್ಟಿಯ ಮೇಲಿನ ಮಹಡಿಯಲ್ಲಿಟ್ಟು, ಸುಮ್ಮನೆ ಹೋಗುವ ಬಿಸಿಯನ್ನೂ ಒಣಗಿಸಲು ಬಳಸಿದ ಕಾರ್ಖಾನೆಗಳಿದ್ದವು. ಮಣ್ಣು ಹದಮಾಡಲು ಮೊದಲು ಎತ್ತು, ಆಮೇಲೆ ಸ್ಟೀಮ್ ಇಂಜಿನ್.

ಲಾಭ ಕಂಡ ಮೇಲೆ ಬೇರೆಯವರು ಸುಮ್ಮನಿರುತ್ತಾರೆಯೇ? 1868ರಲ್ಲಿ ಅಲ್ಬುಕರ್ಕ್ ಕಾರ್ಖಾನೆ ಬಂತು. ಆಮೇಲೆ ಹೊಳೆಬದಿಯಲ್ಲಿ ಒಂದರ ಹಿಂದೆ ಒಂದು ಚಿಮಣಿ ಎದ್ದವು. 'ಮಂಗಳೂರು ಹಂಚು' ಅನ್ನುವುದು ಒಂದು ಜಾತಿಯ ಹಂಚಿಗೇ ಹೆಸರಾಗಿ ನಿಂತಿತು.

ಈ ಕತೆಗೆ ಇನ್ನೊಂದು ಮುಖವೂ ಇದೆ. ಮಿಶನ್ ಕಾರ್ಖಾನೆಯ ಕೆಲಸಗಾರನಿಗೆ ಇಗರ್ಜಿಯೂ ಸಂಬಳವೂ ಒಂದೇ ಕಡೆಯವು. ಧಣಿಯ ಜೊತೆ ಮನಸ್ತಾಪವಾದರೆ ಅವನು ಹೋಗುವುದೆಲ್ಲಿಗೆ? 1914ರಲ್ಲಿ ಮಹಾಯುದ್ಧ ಶುರುವಾದಾಗ ಜರ್ಮನರನ್ನು ಬಂಧಿಸಿದರು. ಕೊನೆಗೆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಅಚ್ಚು ಅದೇ, ಮಣ್ಣು ಅದೇ, ಒಡೆತನ ಮಾತ್ರ ಬೇರೆ. ಕಾಂಕ್ರೀಟ್ ತಾರಸಿ ಬಂದ ಮೇಲೆ, ಮಣ್ಣು ಸೌದೆ ಎರಡೂ ದುಬಾರಿಯಾದ ಮೇಲೆ, ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಕೆಲಸ ಕೆಟ್ಟು ಮುಚ್ಚಿದ್ದಲ್ಲ, ಕೇಳುವವರು ಕಡಿಮೆಯಾದರು.

ನನಗೆ ಕಂಡದ್ದು ಇಷ್ಟು. 'ಹೇಗೆ ಬೇಗ ಮಾಡುವುದು' ಅನ್ನುವ ಪ್ರಶ್ನೆಗಿಂತ ಮೊದಲು ಜೆಪ್ಪುವಿನಲ್ಲಿ ಇನ್ನೊಂದು ಪ್ರಶ್ನೆ ಇತ್ತು: 'ಕೆಲಸ ಕಳಕೊಂಡವರಿಗೆ ಏನು ಕೊಡುವುದು?' ದೋಣಿ, ಅಚ್ಚು, ಭಟ್ಟಿ ಎಲ್ಲ ಅದರ ಹಿಂದೆ ಬಂದವು. ನಮ್ಮ ಮೀಟಿಂಗುಗಳಲ್ಲಿ ಎರಡನೆಯದನ್ನು ಯಾರೂ ಕೇಳುವುದಿಲ್ಲ.

ಅಂದ ಹಾಗೆ, ರೀಪು ಹೊಸದಾಯಿತು. ಹಂಚು ಹಳೆಯವೇ. ಈ ಮಳೆಗಾಲದಲ್ಲೂ ಒಂದು ಹನಿ ಸೋರಿಲ್ಲ.