ಮೆದೆಗೂ ಮನೆಗೂ ನಡುವೆ ಇದ್ದ ಜಾಗ

2019ರ ಫೆಬ್ರವರಿ 23, ಶನಿವಾರ. ಯಲಹಂಕ ವಾಯುನೆಲೆಯಲ್ಲಿ ಏರೋ ಇಂಡಿಯಾ ನಡೆಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಎದ್ದ ಕಪ್ಪು ಹೊಗೆ ದೂರದೂರದ ಊರುಗಳಿಗೂ ಕಾಣಿಸಿತು. ನಾಲ್ಕು ದಿನದ ಹಿಂದಷ್ಟೇ ಸೂರ್ಯಕಿರಣ್ ತಂಡದ ಎರಡು ವಿಮಾನ ಆಕಾಶದಲ್ಲಿ ಡಿಕ್ಕಿ ಹೊಡೆದು ಒಬ್ಬ ಪೈಲಟ್ ತೀರಿಕೊಂಡಿದ್ದರು. ಮತ್ತೊಂದು ವಿಮಾನ ಬಿತ್ತೇನೋ ಎಂದು ಗಾಬರಿಯಾದವರಿದ್ದರು. ಬಿದ್ದಿದ್ದು ವಿಮಾನವಲ್ಲ, ಹೊತ್ತಿದ್ದು ಹುಲ್ಲು. 5ನೇ ಗೇಟಿನ ಹತ್ತಿರ ಒಣಹುಲ್ಲಿನ ಬಯಲಲ್ಲಿ ಸಾಲಾಗಿ ನಿಲ್ಲಿಸಿದ್ದ ಕಾರುಗಳಿಗೆ ಬೆಂಕಿ ಹತ್ತಿ, ಗಾಳಿಯೂ ಸೇರಿ, ಸುಮಾರು 300 ಕಾರು ಕರಕಲಾದವು. ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ.

ಅವತ್ತಿನ ಸರ್ಕಾರಿ ಹೇಳಿಕೆಯ ಒಂದು ಮಾತು ಮಾತ್ರ ನಮ್ಮ ತಲೆಯಲ್ಲಿ ಉಳಿದುಬಿಟ್ಟಿದೆ. ಪಕ್ಕದ ಕಾರುಗಳನ್ನು ಎಳೆದು ಹಾಕಿ, ನಡುವೆ ಖಾಲಿ ಜಾಗ ಮಾಡಿದ್ದರಿಂದ ಬೆಂಕಿ ಹರಡುವುದು ನಿಂತಿತು ಎಂದು ಅದರಲ್ಲಿತ್ತು. ಫೈಟರ್ ಜೆಟ್‌ಗಳ ಜಾತ್ರೆಯಲ್ಲೂ ಕೊನೆಗೆ ಕೈಹಿಡಿದದ್ದು ಆ ತೆರಪು. ಇದು ನಮ್ಮ ಕಡೆಯ ರೈತರಿಗೆ ಗೊತ್ತಿಲ್ಲದ ವಿದ್ಯೆಯೇನೂ ಅಲ್ಲ.

ರಾಜಾನುಕುಂಟೆ ಸುತ್ತಿನ ಹಳೆಯ ಊರುಗಳನ್ನು ನೆನಪಿಸಿಕೊಳ್ಳಿ. ಕಣ ಊರಾಚೆ. ರಾಗಿ ಒಕ್ಕಿದ ಮೇಲೆ ಹುಲ್ಲಿನ ಮೆದೆ ಕಣದ ಮಗ್ಗುಲಲ್ಲೋ ಹಿತ್ತಲ ಕೊನೆಯಲ್ಲೋ. ಕಣ ಆಚೆ ಇದ್ದಿದ್ದಕ್ಕೆ ತೂರಲು ಗಾಳಿ ಬೇಕು ಎನ್ನುವುದು ಮೊದಲ ಕಾರಣ, ನಿಜ. ಆದರೆ ಗರಿ ಹೊದೆಸಿದ, ಹುಲ್ಲು ಹೊದೆಸಿದ ಮನೆಗಳ ಕಾಲದಲ್ಲಿ ಒಂದು ಮೆದೆ ಹತ್ತಿದರೆ ಕೇರಿಯೇ ಹೋಗುತ್ತಿತ್ತು. ಹಾಗಾಗಿ ಎರಡನೇ ಕಾರಣ ಮೊದಲಿನದಕ್ಕಿಂತ ಸಣ್ಣದಲ್ಲ. ಸಂಕ್ರಾಂತಿಗೆ ದನಗಳಿಗೆ ಕಿಚ್ಚು ಹಾಯಿಸುವ ಜಾಗವೂ ಹಾಗೆಯೇ, ಊರಿನ ಅಂಚಿನ ಬಯಲು. ಒಣಗಾಲ ಶುರುವಾಗುವ ಹೊತ್ತಿಗೆ ಬೆಂಕಿ ಎಲ್ಲಿ ಹಚ್ಚಬಹುದು, ಎಲ್ಲಿ ಕೂಡದು ಎಂಬುದು ಯಾರೂ ಬರೆದಿಡದೆ ಎಲ್ಲರಿಗೂ ಗೊತ್ತಿತ್ತು.

ನೀರಿನ ಲೆಕ್ಕವೂ ಇತ್ತು. ರಾಜಾನುಕುಂಟೆ ಎಂಬ ಹೆಸರಲ್ಲೇ ಕುಂಟೆ ಇದೆ. ಕುಂಟೆ, ಕಟ್ಟೆ, ಕೆರೆಗಳಲ್ಲಿ ನೀರಿದ್ದಾಗ ಕೊಡದಿಂದ ಕೊಡಕ್ಕೆ ಕೈ ಬದಲಾಯಿಸಿಕೊಂಡು ಬೆಂಕಿಗೆ ಎರಚುತ್ತಿದ್ದರು. ಈಗ ನೀರು ಬೋರ್‌ವೆಲ್‌ನಲ್ಲಿದೆ. ಬೋರ್‌ವೆಲ್‌ಗೆ ತ್ರೀಫೇಸ್ ಕರೆಂಟು ಬೇಕು. ಬೆಂಕಿ ಬೀಳುವ ಹೊತ್ತಿಗೆ ಕರೆಂಟು ಇರಬೇಕೆಂದು ಯಾವ ದೇವರೂ ಬರೆದುಕೊಟ್ಟಿಲ್ಲ.

ಹಳೇ ಕಾಲ ಚೆನ್ನಾಗಿತ್ತು ಅಂತ ಹಾಡು ಹಾಡಲು ನಾವು ಕೂತಿಲ್ಲ. ಬೆಂಕಿ ಬಿತ್ತೆಂದು ತಮಟೆ ಬಾರಿಸಿ ಸಾರಬೇಕಿದ್ದವರು ತೋಟಿ, ತಳವಾರರು. ಹೊಲಗದ್ದೆ ಕಾವಲಿನಂತೆ ಅದೂ ಜಾತಿಯ ಮೇಲೆ ಹೇರಿದ ಕೆಲಸ. ಕೂಲಿ ಎಂದರೆ ಸುಗ್ಗಿಯಲ್ಲಿ ಸಿಗುವ ಕಾಳುಕಡಿ, ಒಂದಿಷ್ಟು ಇನಾಂ ನೆಲ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಆ ವಂಶಪಾರಂಪರ್ಯವನ್ನು ಕಿತ್ತುಹಾಕಿತು. ಕಿತ್ತಿದ್ದು ಸರಿಯೇ. ಆದರೆ ಊರಿನ ಕಾವಲು ಇನ್ನು ಯಾರ ಕೆಲಸ ಎಂಬ ಪ್ರಶ್ನೆ ಖಾಲಿಯೇ ಉಳಿಯಿತು.

ಕಾವಲು ಅಂದರೆ ನಮ್ಮ ಸೀಮೆಯಲ್ಲಿ ಹುಲ್ಲುಗಾವಲೂ ಹೌದು. ಮೈಸೂರು ಅರಸರ ಕಾಲದ ಬೆಣ್ಣೆಚಾವಡಿ, ಟಿಪ್ಪು ಕಾಲಕ್ಕೆ ಅಮೃತಮಹಲ್ ಆದಾಗ, ಅದರ ದನಗಳಿಗೆ ಮೀಸಲಿಟ್ಟ ಬಯಲುಗಳಿಗೆ ಕಾವಲು ಎಂದೇ ಹೆಸರು. ಯಲಹಂಕದ ಜಾರಕಬಂಡೆ ಕಾವಲ್‌ನಲ್ಲಿ ಆ ಪದ ಇನ್ನೂ ಉಳಿದಿದೆ. ಮೇಯುವ ದನ ಇದ್ದಷ್ಟು ದಿನ ಹುಲ್ಲು ಮಾಗಿ ಎದೆಮಟ್ಟ ನಿಲ್ಲುತ್ತಿರಲಿಲ್ಲ. ನಮ್ಮ ಪಶ್ಚಿಮಕ್ಕಿರುವ ಹೆಸರಘಟ್ಟದ ಐದು ಸಾವಿರ ಎಕರೆಗೂ ಮಿಕ್ಕ ಹುಲ್ಲುಗಾವಲನ್ನು ಸಂರಕ್ಷಣಾ ಮೀಸಲು ಮಾಡುವ ಪ್ರಸ್ತಾಪವನ್ನು ರಾಜ್ಯ ವನ್ಯಜೀವಿ ಮಂಡಳಿ 2021ರಲ್ಲಿ ತಳ್ಳಿಹಾಕಿ, 2024ರಲ್ಲಿ ಒಪ್ಪಿತು. ಒಪ್ಪಿದ್ದು ಒಳ್ಳೆಯದು. ಬೇಸಿಗೆಯಲ್ಲಿ ಅಲ್ಲಿ ಬೆಂಕಿ ಬಿದ್ದಾಗಲೆಲ್ಲ ಕುರಿಗಾಹಿಯ ಕಡೆ ಬೆರಳು ತೋರಿಸಿ ಸುಮ್ಮನಾಗುವುದು ಮಾತ್ರ ಸೋಮಾರಿತನ.

ಈ ಬೆರಳು ತೋರಿಸುವ ಅಭ್ಯಾಸ ಹಳೆಯದು. ಬ್ರಿಟಿಷರ 1878ರ ಅರಣ್ಯ ಕಾಯ್ದೆ, ಮೈಸೂರು ಸಂಸ್ಥಾನದ 1900ರ ಅರಣ್ಯ ರೆಗ್ಯುಲೇಷನ್ ಬಂದಮೇಲೆ ಕಾಡಿನಲ್ಲಿ ಬೆಂಕಿ ಹಚ್ಚುವುದು ಬರೀ ಅಪರಾಧವಾಯಿತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಬೇರೆಯದೇ ಲೆಕ್ಕವಿತ್ತು. ಒಣಗಾಲದ ಮೊದಲಲ್ಲೇ, ನೆಲದಲ್ಲಿ ಇನ್ನೂ ತೇವ ಇರುವಾಗ, ಅವರು ತರಗು ಬೆಂಕಿ ಹಾಕುತ್ತಿದ್ದರು. ಮೊಣಕಾಲುದ್ದದ ಉರಿ, ಉದುರಿದ ಎಲೆ ಸುಟ್ಟು ಮುಂದೆ ಹೋಗುತ್ತಿತ್ತು. 1974ರಲ್ಲಿ ಬೆಟ್ಟ ವನ್ಯಧಾಮವಾಯಿತು, ತರಗು ಬೆಂಕಿ ನಿಂತಿತು. ಆಮೇಲೆ ಲಂಟಾನ ನುಗ್ಗಿತು. ಏಟ್ರೀ ಸಂಸ್ಥೆಯ ಸಂಶೋಧಕರ ಎಣಿಕೆಯಂತೆ, 1997ರಲ್ಲಿ ಅಲ್ಲಿನ ಇಪ್ಪತ್ತು ಕಾಂಡಗಳಲ್ಲಿ ಒಂದು ಲಂಟಾನ ಆಗಿದ್ದರೆ, 2008ರ ಹೊತ್ತಿಗೆ ಮೂರರಲ್ಲಿ ಒಂದು. ಬೆಂಕಿ ನಿಲ್ಲಿಸಿದ್ದೊಂದೇ ಇದಕ್ಕೆ ಕಾರಣವೇ ಎಂಬ ವಾದ ಇದೆ. ಸೋಲಿಗರಂತೂ ಹೌದು ಅನ್ನುತ್ತಾರೆ.

ಲಂಟಾನ ಒಣಗಿ ನಿಂತ ಕಾಡಿಗೆ ಬೆಂಕಿ ಬಿದ್ದರೆ ಏನಾಗುತ್ತದೆಂದು ಬಂಡೀಪುರ ತೋರಿಸಿತು. ಅದೂ 2019ರ ಫೆಬ್ರವರಿಯ ಅದೇ ವಾರವೇ. ಗೋಪಾಲಸ್ವಾಮಿ ಬೆಟ್ಟದ ಸುತ್ತ 10,000 ಎಕರೆಗೂ ಹೆಚ್ಚು ಕಾಡು ಸುಟ್ಟಿತು. ವಾಯುಪಡೆಯ ಹೆಲಿಕಾಪ್ಟರ್‌ಗಳು ದೊಡ್ಡ ಬಕೆಟ್‌ನಲ್ಲಿ ನೀರು ತಂದು ಸುರಿದವು. ಟಿವಿಯಲ್ಲಿ ಅದನ್ನೇ ತೋರಿಸಿದರು. ನೆಲದ ಮೇಲೆ ಹಸಿಸೊಪ್ಪಿನ ಕೊಂಬೆ ಹಿಡಿದು ಬಡಿಯುತ್ತಿದ್ದ ಫೈರ್ ವಾಚರ್‌ಗಳು, ಸ್ವಯಂಸೇವಕರು ತೆರೆಯ ಮೇಲೆ ಕಂಡದ್ದು ಕಡಿಮೆ. ಅವರಲ್ಲಿ ಬಹಳ ಜನ ಬೇಸಿಗೆಗೆಂದು ತೆಗೆದುಕೊಂಡ ಹಂಗಾಮಿ ನೌಕರರು. ಅದಕ್ಕೆ ಎರಡು ವರ್ಷ ಮೊದಲು, 2017ರ ಫೆಬ್ರವರಿಯಲ್ಲಿ, ಇದೇ ಬಂಡೀಪುರದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಸುಟ್ಟು ಸತ್ತಿದ್ದರು.

1927ರ ಭಾರತೀಯ ಅರಣ್ಯ ಕಾಯ್ದೆಯ 79ನೇ ಕಲಮು ಒಂದು ತಮಾಷೆ. ಮೀಸಲು ಕಾಡಿನಲ್ಲಿ ಹಕ್ಕು ಇರುವವರು ಬೆಂಕಿಯ ಸುದ್ದಿ ಕೊಡಬೇಕು, ಆರಿಸಲು ಬರಬೇಕು ಎನ್ನುತ್ತದೆ. ಹಕ್ಕು ಒಂದೊಂದೇ ಕಿತ್ತುಕೊಂಡ ಮೇಲೆ ಬರುವವರು ಯಾರು? 1993ರಲ್ಲಿ ಕರ್ನಾಟಕ ಗ್ರಾಮ ಅರಣ್ಯ ಸಮಿತಿಗಳನ್ನು ತಂದಾಗ ಈ ಕೊಂಡಿಯನ್ನು ಮತ್ತೆ ಬೆಸೆಯುವ ಆಸೆ ಇತ್ತು. ಕೆಲವು ಕಡೆ ಬೆಸೆಯಿತು, ಹಲವು ಕಡೆ ಬೋರ್ಡು ಉಳಿಯಿತು.

ನಮ್ಮ ರಾಜಾನುಕುಂಟೆ ಕಡೆ ಕಾಡು ಕಡಿಮೆ. ಆದರೆ ಸುಡುವುದಕ್ಕೆ ಏನೂ ಕಡಿಮೆ ಇಲ್ಲ. ರಾಗಿ ಹೊಲ ಲೇಔಟ್ ಆಗಿದೆ. ಸೈಟು ಕೊಂಡವರು ಬೆಂಗಳೂರಲ್ಲೋ ದುಬೈಯಲ್ಲೋ ಇದ್ದಾರೆ. ಮಳೆಗಾಲದಲ್ಲಿ ಬೆಳೆದ ಹುಲ್ಲು, ಪಾರ್ಥೇನಿಯಂ ಜನವರಿಗೆ ಒಣಗಿ ಕಾಂಪೌಂಡಿಗೆ ಒರಗಿರುತ್ತದೆ. ನಡುವೆ ನೀಲಗಿರಿ ತೋಪು, ರಸ್ತೆಬದಿ ಕಸದ ರಾಶಿ, ಆ ರಾಶಿಗೆ ಯಾರೋ ಕೊಟ್ಟ ಬೆಂಕಿ. ಯಲಹಂಕದಿಂದಲೋ ದೊಡ್ಡಬಳ್ಳಾಪುರದಿಂದಲೋ ಅಗ್ನಿಶಾಮಕ ಗಾಡಿ ಸಂಜೆಯ ಟ್ರಾಫಿಕ್ ದಾಟಿ ಬರುವ ತನಕ ಗಾಳಿ ಕಾಯುವುದಿಲ್ಲ.

ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಜ್ಯಾಕ್ ಕೋಹೆನ್ ಎಂಬ ವಿಜ್ಞಾನಿ, ಕಾಡ್ಗಿಚ್ಚಿನಲ್ಲಿ ಮನೆಗಳು ಹೇಗೆ ಸುಡುತ್ತವೆ ಎಂದು ವರ್ಷಾನುಗಟ್ಟಲೆ ನೋಡಿದರು. ದೊಡ್ಡ ಜ್ವಾಲೆ ಬಂದು ಮನೆ ನುಂಗುವುದು ಕಡಿಮೆ. ಹಾರಿ ಬಂದ ಕಿಡಿ ಸೂರಿನ ತರಗಿಗೆ, ಗೋಡೆಬುಡದ ಸೌದೆಗೆ ಹತ್ತಿ ಸುಡುವುದೇ ಹೆಚ್ಚು. ಅಲ್ಲಿ 2002ರಿಂದ ಊರೂರೇ ಸೇರಿ ಇದಕ್ಕೆ ತಯಾರಾಗುವ ಕಾರ್ಯಕ್ರಮವಿದೆ. ಗೋಡೆಯಿಂದ ಐದು ಅಡಿ ಸುಡುವ ವಸ್ತು ಏನೂ ಇರಬಾರದು ಎಂಬುದು ಅವರ ಮೊದಲ ಪಾಠ. ನಮ್ಮಲ್ಲಿ ಮೋಲ್ಡಿಂಗ್ ಮನೆಯೇನೋ ಬಂದಿದೆ, ಗರಿಯ ಸೂರು ಹೋಗಿದೆ. ಆ ಧೈರ್ಯಕ್ಕೇ ಇರಬೇಕು, ಹುಲ್ಲಿನ ರೋಲು, ಸೌದೆ, ಗ್ಯಾಸ್ ಸಿಲಿಂಡರ್ ಎಲ್ಲವೂ ಒಂದೇ ಶೀಟಿನ ಕೆಳಗೆ ಗೋಡೆಗೆ ಒತ್ತಿ ಕೂತಿವೆ. ಮೆದೆ ಹಾಕಲು ಊರಾಚೆ ಜಾಗವೇ ಇಲ್ಲವಲ್ಲ ಎಂದು ಕೇಳಿದರೆ ನಮ್ಮ ಹತ್ತಿರವೂ ಸುಲಭದ ಉತ್ತರವಿಲ್ಲ.

ಖಾಲಿ ಸೈಟಿನ ಹುಲ್ಲು ಕೊಯ್ಯುವುದು ಮಾಲೀಕನದೋ ಪಂಚಾಯಿತಿಯದೋ ಎಂಬ ಜಗಳ ನಾವು ಹೋದ ಊರಲ್ಲೆಲ್ಲ ಕೇಳುತ್ತದೆ. ಡಿಸೆಂಬರ್‌ನ ಗ್ರಾಮಸಭೆಯಲ್ಲಿ ಯಾರಾದರೂ ಎದ್ದು ನಿಂತು ಕೇಳಿದರೆ ಅದು ನಡಾವಳಿ ಪುಸ್ತಕಕ್ಕಾದರೂ ಹೋಗುತ್ತದೆ. ಹುಲ್ಲಿಗೆ ದನ ಬಿಡಲು ಒಪ್ಪುವ ಮಾಲೀಕರೂ ಇದ್ದಾರೆ, ಆದರೆ ದನ ಇರುವವರು ಕಡಿಮೆಯಾಗುತ್ತಿದ್ದಾರೆ. ಬೆಂಕಿ ಕಂಡರೆ 101 ಅಥವಾ 112, ಕಾಡಿನದಾದರೆ ಅರಣ್ಯ ಸಹಾಯವಾಣಿ 1926. ಸಂಕ್ರಾಂತಿಗೆ ಕಿಚ್ಚು ಹಾಯಿಸುತ್ತಿದ್ದ ಬಯಲಿನಲ್ಲಿ ಈಗ ಅಳತೆಯ ಕಲ್ಲು ನೆಟ್ಟಿರುವ ಊರುಗಳಿವೆ. ಕಲ್ಲುಗಳ ನಡುವೆ ಹುಲ್ಲು ಸೊಂಟದವರೆಗೆ ಬೆಳೆದಿದೆ.