ಐಗಳ ಮಠವೂ ಹೊಸ ಉಪಾಧ್ಯಾಯನ ಅಭ್ಯಾಸವೂ

ಕನ್ನಡ ನಾಡಿನ ಹಳ್ಳಿಗಳಲ್ಲಿ ಮಠವೆಂಬ ಶಬ್ದಕ್ಕೆ ಗುರುಪೀಠವೆಂಬ ಅರ್ಥದೊಡನೆ ಪಾಠಶಾಲೆಯೆಂಬ ಅರ್ಥವೂ ಉಂಟು. ಮಠದ ಪಡಸಾಲೆಯಲ್ಲಿಯೋ ಗುಡಿಯ ಕಟ್ಟೆಯ ಮೇಲೆಯೋ ಮಕ್ಕಳನ್ನು ಕೂಡಿಸಿಕೊಂಡು ಅಕ್ಷರ ಹೇಳುತ್ತಿದ್ದವರನ್ನು ಜನರು ಐಗಳೆಂದು ಕರೆಯುತ್ತಿದ್ದರು. ಸರಕಾರಿ ಶಾಲೆಗಳು ಬಂದ ಮೇಲೆ ಅವರ ಶಾಲೆಗೆ ಗಾಂವಠಿ ಶಾಲೆಯೆಂಬ ಹೆಸರು ಬಿದ್ದಿತು. ಆ ಐಗಳಿಗೆ ಕಲಿಸುವ ವಿದ್ಯೆಯನ್ನು ಕಲಿಸಿದವರಾರು ಎಂಬುದು ವಿಚಾರಣೀಯವಾದ ಸಂಗತಿಯಾಗಿದೆ.

ಇದಕ್ಕೆ ಉತ್ತರವು ಬಳ್ಳಾರಿಯ ಕಲೆಕ್ಟರನಾಗಿದ್ದ ಕ್ಯಾಂಬೆಲ್ಲನು 1823ರಲ್ಲಿ ಬರೆದ ವರದಿಯಲ್ಲಿ ದೊರೆಯುತ್ತದೆ. ಆ ಜಿಲ್ಲೆಯಲ್ಲಿ ಆಗ 533 ಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದರು. ಶಾಲೆಗಳಲ್ಲಿ 235 ಕನ್ನಡದವು. ಹುಡುಗಿಯರು ಮಾತ್ರ 60 ಮಂದಿ! ಮುಂಜಾನೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಮೇಲೆ ಸರಸ್ವತಿಯ ನಾಮವನ್ನೂ, ಎರಡನೆಯವನ ಕೈಮೇಲೆ ಸೊನ್ನೆಯನ್ನೂ ಬರೆಯುತ್ತಿದ್ದರು. ಮೂರನೆಯವನಿಗೆ ಒಂದು ಪೆಟ್ಟು, ನಾಲ್ಕನೆಯವನಿಗೆ ಎರಡು, ಹೀಗೆ ತಡವಾದಷ್ಟೂ ಹೆಚ್ಚುತ್ತಿದ್ದಿತು. ಹೊತ್ತಿಗೆ ಸರಿಯಾಗಿ ಮಕ್ಕಳನ್ನು ಕೂಡಿಸುವ ಈ ಉಪಾಯದಲ್ಲಿ ನಗೆಯೂ ಉಂಟು, ಕಟುತ್ವವೂ ಉಂಟು.

ಬಳಿಕ ಮಕ್ಕಳನ್ನು ತರಗತಿಗಳಾಗಿ ವಿಂಗಡಿಸುತ್ತಿದ್ದರು. ಎಳೆಯರು ಮರಳಿನಲ್ಲಿ ಬೆರಳಿನಿಂದ ತಿದ್ದುವರು. ಬಲ್ಲವರು ಕಡತದ ಮೇಲೆ ಬಳಪದಿಂದ ಬರೆಯುವರು. ಕೆಳಗಿನವರ ಪಾಠವನ್ನು ಮೇಲಿನ ತರಗತಿಯ ಹಿರಿಯ ಹುಡುಗರು ನೋಡಿಕೊಳ್ಳುವರು. ಐಗಳು ಮೇಲಿನವರಿಗೆ ತಾವೇ ಹೇಳುತ್ತ ಎಲ್ಲರ ಮೇಲೂ ಕಣ್ಣಿಟ್ಟಿರುವರು. ಹೀಗೆ ಕಲಿಸುತ್ತ ಕಲಿಸುತ್ತ ಹಿರಿಯನ ವಿದ್ಯೆಯೂ ದೃಢವಾಗುತ್ತಿದ್ದಿತೆಂದು ಕ್ಯಾಂಬೆಲ್ಲನು ಮೆಚ್ಚಿ ಬರೆದಿದ್ದಾನೆ. ಇಂಥ ಹಿರಿಯ ಹುಡುಗನು ಮುಂದೆ ಐಗಳಾಗಿ ಬೇರೊಂದು ಊರಿನಲ್ಲಿ ನಿಂತರೆ ಗದ್ದಲದ ಮಕ್ಕಳನ್ನು ಕಂಡು ಕಂಗೆಡುವ ಕಾರಣವಿರಲಿಲ್ಲ. ಮೊದಲು ತಪ್ಪಿದುದನ್ನು ತಿದ್ದಲು ಅವನ ಪಕ್ಕದಲ್ಲಿಯೇ ಗುರುವಿದ್ದನು.

ಇದೇ ಪದ್ಧತಿಯು ಸಮುದ್ರವನ್ನು ದಾಟಿತು. ಮದರಾಸಿನ ಅನಾಥಬಾಲಕರ ಶಾಲೆಯಲ್ಲಿ 1789ರಿಂದ ಇದ್ದ ಆಂಡ್ರೂ ಬೆಲ್ಲನು ಈ ದೇಶದ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು, ಹುಡುಗರಿಂದಲೇ ಹುಡುಗರಿಗೆ ಕಲಿಸುವ ಕ್ರಮವನ್ನು ನಡೆಸಿ, 1797ರಲ್ಲಿ ಲಂಡನ್ನಿನಲ್ಲಿ ಅದನ್ನು ಪ್ರಕಟಿಸಿದನು. ನಮ್ಮ ಕಟ್ಟೆಯ ಮೇಲಿನ ಕ್ರಮಕ್ಕೆ ಅಲ್ಲಿ ಮದರಾಸಿನ ಪದ್ಧತಿಯೆಂದು ಹೆಸರಾಯಿತು.

ಆದರೆ ಐಗಳ ಮಠವನ್ನು ಬರಿದೆ ಹೊಗಳುವುದು ನ್ಯಾಯವಲ್ಲ. ಲಿಂಗವಂತರ ಮಕ್ಕಳು ಗಿರಿಜಾಕಲ್ಯಾಣ, ಚನ್ನಬಸವಪುರಾಣ, ಅನುಭವಾಮೃತಗಳನ್ನು ಓದುತ್ತಿದ್ದರೆಂದು ಅದೇ ವರದಿಯು ಹೇಳುತ್ತದೆ. ಬಾಯಿಪಾಠವಾದ ಪದ್ಯಗಳ ಅರ್ಥವು ಅನೇಕ ಮಕ್ಕಳಿಗೂ ಕೆಲವೆಡೆ ಐಗಳಿಗೂ ತಿಳಿಯುತ್ತಿರಲಿಲ್ಲವೆಂದೂ ಹೇಳುತ್ತದೆ. ಅರಿಯದ ಗುರುವಿನಿಂದ ಕಲಿತ ಹುಡುಗನು ಗುರುವಾದರೆ ಆ ಅರಿಯಮೆಯೂ ಪರಂಪರೆಯಾಗುವುದು.

ಆಳಂದ, ಅಫಜಲಪುರ, ಜೇವರ್ಗಿ ಸೀಮೆಗೆ ಬೇರೊಂದು ತೊಡಕು ಬಂದಿತು. 1948ರವರೆಗೆ ಈ ಸೀಮೆಯು ನಿಜಾಮರ ಆಳಿಕೆಯಲ್ಲಿದ್ದುದರಿಂದ ಮೇಲಿನ ಶಿಕ್ಷಣವು ಉರ್ದುವಿನಲ್ಲಿ ನಡೆಯುತ್ತಿದ್ದಿತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಾಧ್ಯಮವೂ ಉರ್ದುವೇ. ಮನೆಯಲ್ಲಿ ಕನ್ನಡ ನುಡಿದು, ಉರ್ದುವಿನಲ್ಲಿ ಓದಿ, ಕನ್ನಡದ ಮಕ್ಕಳೆದುರಿಗೆ ನಿಲ್ಲಬೇಕಾದ ತರುಣ ಉಪಾಧ್ಯಾಯನ ಕಷ್ಟವು ಸಾಮಾನ್ಯವಾದುದಲ್ಲ. ಕಲಬುರ್ಗಿಯಲ್ಲಿ 1907ರಲ್ಲಿ ಹುಟ್ಟಿದ ನೂತನ ವಿದ್ಯಾಲಯದಂಥ ಸಂಸ್ಥೆಗಳೂ, ಜೇವರ್ಗಿ ತಾಲೂಕಿನ ಅರಳಗುಂಡಿಗೆಯಲ್ಲಿ ಜನಿಸಿದ ಶ್ರೀ ಶರಣಬಸವೇಶ್ವರರ ದಾಸೋಹ ಸಂಸ್ಥಾನವೂ ವಿದ್ಯಾಪ್ರಸಾರಕ್ಕೆ ಆಸರೆಯಾದುದರ ಬೆಲೆಯು ಇದರಿಂದ ತಿಳಿಯುವುದು. 1956ರಲ್ಲಿ ಈ ಭಾಗವು ಕನ್ನಡ ರಾಜ್ಯದಲ್ಲಿ ಸೇರಿತು.

ಒಬ್ಬನೇ ಉಪಾಧ್ಯಾಯನು ಅನೇಕ ತರಗತಿಗಳನ್ನು ನಡೆಸುವ ಪಾಡು ಆಮೇಲೂ ತೀರಲಿಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ಬಳಿಕ ರಾಜ್ಯದ ಸರಕಾರಿ ಶಾಲೆಗಳಿಗೆಲ್ಲ ಹರಡಿದ ನಲಿ-ಕಲಿಯಲ್ಲಿ ಬೇರೆಬೇರೆ ತರಗತಿಯ ಮಕ್ಕಳು ಕೂಡಿ ಗುಂಪುಗಳಾಗಿ ಕುಳಿತುಕೊಳ್ಳುವರು. ಒಂದು ಗುಂಪಿಗೆ ಉಪಾಧ್ಯಾಯರು ತಾವೇ ಕಲಿಸುವರು; ಮತ್ತೊಂದು ಗುಂಪು ತಾನಾಗಿಯೇ ಕಲಿಯುವುದು; ನಡುವಿನ ಗುಂಪುಗಳಲ್ಲಿ ಬಲ್ಲ ಮಗುವು ಅರಿಯದ ಮಗುವಿಗೆ ಹೇಳಿಕೊಡುವುದು.